ಬೆಟ್ಟದ ದೂರದ ಚಾರಣಕ್ಕೆ ನಾನು ತಯಾರಾಗುವ ಬಗೆ

ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಆ ಅನುಕೂಲ ಇಲ್ಲ: ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಹೊರೆಯನ್ನು ತಡೆಯಬೇಕು. ಇದರ ರೂಢಿಯಿಲ್ಲದ ಕಾಲು ಒಂದೆರಡು ದಿನ ಬಿಟ್ಟು ನೋಯತೊಡಗುತ್ತದೆ, ಆಗ ಮುಂದೆ ಇನ್ನೂ ಉದ್ದದ ದಾರಿ ಇರುತ್ತದೆ. ಹಾಗಾಗಿ ನನ್ನ ತಯಾರಿ ಇಳಿಯುವುದರಿಂದಲೇ ಶುರು. ಎಂಟು ಹತ್ತು ವಾರ ಮೊದಲೇ 5 ಕೆಜಿ ಹೊತ್ತು ಮೆಟ್ಟಿಲು ಹತ್ತಿ ಇಳಿಯುತ್ತೇನೆ, ವಾರಕ್ಕೆ ಒಂದು ಕೆಜಿಯಂತೆ ಏರಿಸುತ್ತೇನೆ. ತೂಕಕ್ಕೆ ನೀರಿನ ಬಾಟಲಿಗಳೇ ವಾಸಿ. ಮಂಡಿ ಹಿಡಿದುಕೊಂಡರೆ ಒಂದು ಲೀಟರ್ ಚೆಲ್ಲಿದರೆ ಒಂದು ಕೆಜಿ ಇಳಿಯಿತು. ಕೊನೆಯ ವಾರ ಹೊರೆ ಹೊರುವುದಿಲ್ಲ.

ಬ್ಯಾಗಿನ ತೂಕ ಊಟ, ನೀರು ಸೇರಿ ದೇಹದ ತೂಕದ ಐದನೇ ಒಂದು ಭಾಗ ದಾಟಬಾರದು. 65 ಕೆಜಿಯವರಿಗೆ 13 ಕೆಜಿ. ಪ್ರತಿ ವಸ್ತುವನ್ನೂ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳಿ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಖಾಲಿ ಬ್ಯಾಗು, ಈ ಮೂರರಲ್ಲಿ ಕೆಜಿಗಟ್ಟಲೆ ಉಳಿಸಬಹುದು. ಚಿಲ್ಲರೆ ಸಾಮಾನಿನಲ್ಲಿ ಉಳಿಯುವುದು ಗ್ರಾಂ ಲೆಕ್ಕ ಮಾತ್ರ. ಒಣ ಆಹಾರ ದಿನಕ್ಕೆ 700 ಗ್ರಾಂ ಇಡುತ್ತೇನೆ. 100 ಗ್ರಾಂಗೆ 450 ಕ್ಯಾಲೊರಿ ಸಿಗುವಂತೆ ಆರಿಸಿಕೊಂಡರೆ 3,150 ಆಯಿತು. ಕೊಬ್ಬಿನಲ್ಲಿ ಗ್ರಾಂಗೆ 9 ಕ್ಯಾಲೊರಿ, ಪಿಷ್ಟದಲ್ಲಿ 4. ಬೀಜಗಳು, ಎಣ್ಣೆ ಸೇರದೆ ಈ ಲೆಕ್ಕ ಕೂಡುವುದಿಲ್ಲ. ಐದು ದಿನಕ್ಕೆ ಊಟವೇ ಮೂರೂವರೆ ಕೆಜಿ, ಆದ್ದರಿಂದ ಮತ್ತೆ ಸಾಮಾನು ಸಿಗುವ ಜಾಗಗಳನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು.

ಭಾರದ ವಸ್ತು ಬೆನ್ನಿಗೆ ಒತ್ತಿಕೊಂಡು, ಹೆಗಲೆಲುಬುಗಳ ನಡುವಿನ ಎತ್ತರದಲ್ಲಿರಲಿ. ಹೊರಗಡೆ ಇಟ್ಟರೆ ಬ್ಯಾಗು ಹಿಂದಕ್ಕೆ ಜಗ್ಗುತ್ತದೆ. ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಬಿಗಿದು, ಆಮೇಲೆ ಹೆಗಲಪಟ್ಟಿ ಎಳೆಯಬೇಕು.

ದಿನದ ದೂರಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಯ್ಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನೇ ಹಿಡಿಯುತ್ತೇನೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ., 900 ಮೀಟರ್ ಏರು ಅಂದರೆ ನಾಲ್ಕು ಗಂಟೆ. ಹೊರೆ ಇರುವುದರಿಂದ ಅದರ ಮೇಲೆ ಅರ್ಧದಷ್ಟು ಸೇರಿಸಿ ಆರು ಗಂಟೆ ಎಂದುಕೊಳ್ಳುತ್ತೇನೆ. 3,000 ಮೀಟರ್ ದಾಟಿದ ಮೇಲೆ ಗಂಟೆಗಳ ಲೆಕ್ಕ ಸಾಲದು. ಮಲಗುವ ಎತ್ತರ ರಾತ್ರಿಯಿಂದ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಅಲ್ಲೇ ಉಳಿಯಬೇಕು. ಕಾಲಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ; ಗಟ್ಟಿಮುಟ್ಟಾದವರಿಗೂ ತೆಳು ಗಾಳಿಗೆ ಮೈ ಒಗ್ಗದೆ ಎತ್ತರದ ಕಾಯಿಲೆ ಬರುತ್ತದೆ. ಈ ಬಿಡುವಿನ ದಿನಗಳ ಊಟವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಚಳಿಗೆ ಕೆಡುವ ವಸ್ತುಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಟೊಳ್ಳು ಎಳೆಗಳ ನೀರಿನ ಫಿಲ್ಟರ್ ಒಮ್ಮೆ ಬಳಸಿ ಒದ್ದೆಯಾದ ಮೇಲೆ ಹೆಪ್ಪುಗಟ್ಟಿದರೆ ಒಳಗೇ ಸೀಳುತ್ತದೆ, ಹೊರಗೆ ಏನೂ ಕಾಣದು. ಬ್ಯಾಟರಿಯ ಜೊತೆ ಅದನ್ನೂ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಒಲೆಗೆ ಒಯ್ಯುವ ಡಬ್ಬಿಯಲ್ಲಿ ಬರೀ ಬ್ಯುಟೇನ್ ಇದ್ದರೆ ಆ ಗ್ಯಾಸ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೊಬ್ಯುಟೇನ್, ಪ್ರೊಪೇನ್ ಬೆರೆತ ಡಬ್ಬಿಯೇ ಬೇಕು.

ಶೂ ಅರ್ಧ ಅಳತೆ ದೊಡ್ಡದಿರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಅದನ್ನು ಸಂಜೆ ಹೊತ್ತು, ಪಾದ ಊದಿಕೊಂಡಿರುವಾಗ, ಚಾರಣದ ಕಾಲುಚೀಲವನ್ನೇ ಹಾಕಿಕೊಂಡು ನೋಡಿ ಕೊಂಡುಕೊಳ್ಳಿ.