ತುಕ್ಕು ಹಿಡಿಯದ ಊರಿಂದ ತಂದ ಪಿಕಪ್

ನಾನಿರುವುದು ಅಮೆರಿಕದ ಓಹಾಯೋ ರಾಜ್ಯದಲ್ಲಿ, ಕೊಲಂಬಸ್ ಊರಿನ ಹೊರಗೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಗಾಡಿಯ ಹೊಟ್ಟೆಯಡಿ ಹೋಗಿ ಕೂರುತ್ತದೆ. ಉಪ್ಪಿನಕಾಯಿ ಭರಣಿಗೆ ಕಬ್ಬಿಣದ ಮುಚ್ಚಳ ಹಾಕಿದರೆ ಏನಾಗುತ್ತದೋ ಅದೇ ಗತಿ. ಅಂಥ ಊರಲ್ಲಿ ಕೂತು ಅರವತ್ತರ ದಶಕದ ಪಿಕಪ್ ಕೊಳ್ಳಬೇಕು ಅಂತ ನನಗೆ ಹುಚ್ಚು ಹತ್ತಿತು.

ಹುಚ್ಚಿಗೆ ಒಂದು ಹಿನ್ನೆಲೆ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನನ್ನ ಸೋದರಮಾವನ ಮನೆಯಲ್ಲಿ ಒಂದು ಅಂಬಾಸಡರ್ ಇತ್ತು. ಗೇರು ಸ್ಟೇರಿಂಗ್ ಪಕ್ಕದಲ್ಲಿ. ಹ್ಯಾಂಡ್ ಗೇರ್ ಅಂತಿದ್ದೆವು. ಅಡಿಕೆ ಮೂಟೆಯಿಂದ ಮದುವೆ ದಿಬ್ಬಣದವರೆಗೆ ಎಲ್ಲ ಅದರಲ್ಲೇ, ನಾನು ಗಾಡಿ ಕಲಿತದ್ದೂ ಅದರಲ್ಲೇ. ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಆಟೋಮ್ಯಾಟಿಕ್ ಓಡಿಸಿ ಎಡಗಾಲಿಗೆ ಕೆಲಸವೇ ಇಲ್ಲದಂತಾಗಿತ್ತು. ಒಂದು ದಿನ ಹಾರ್ಡ್‌ವೇರ್ ಅಂಗಡಿ ಮುಂದೆ ಒಬ್ಬ ಅಜ್ಜ ಹಳೇ ಫೋರ್ಡ್ ಪಿಕಪ್ಪಿಂದ ಇಳಿದ. ಕಿಟಕಿಯಲ್ಲಿ ಇಣುಕಿದೆ. ಅದೇ ಹ್ಯಾಂಡ್ ಗೇರ್! ಅಂಬಾಸಡರಿಗೆ ನಾಲ್ಕು ಗೇರು, ಇದಕ್ಕೆ ಮೂರೇ. ಸ್ಟೇರಿಂಗ್ ಕಂಬವೇ ಮರ ಅಂತ ಲೆಕ್ಕ ಹಾಕಿ ಇಲ್ಲಿಯವರು ಇದನ್ನು ತಮಾಷೆಗೆ ‘ಮರದ ಮೇಲೆ ಮೂರು’ ಅಂತ ಕರೆಯುತ್ತಾರೆ. ಅವತ್ತು ಮನೆಗೆ ಬಂದವನು ರಾತ್ರಿ ಎರಡರವರೆಗೆ ಜಾಹೀರಾತು ನೋಡುತ್ತ ಕೂತೆ.

ಫೋರ್ಡ್ ಎಫ್-100, ಅದರಲ್ಲೂ 1965 ಅಥವಾ 1966ರದ್ದೇ ಬೇಕು ಅಂತ ಬೇಗ ನಿರ್ಧಾರವಾಯಿತು. 1965ರಲ್ಲಿ ಫೋರ್ಡ್ ಎರಡು ಒಳ್ಳೇ ಕೆಲಸ ಮಾಡಿತು. ಮುಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಆಕ್ಸಲ್ ಇದ್ದದ್ದನ್ನು ಬಿಟ್ಟು, ಒಂದೊಂದು ಚಕ್ರಕ್ಕೆ ಒಂದೊಂದು ತೊಲೆ ಕೊಟ್ಟಿತು. ‘ಟ್ವಿನ್ ಐ-ಬೀಮ್’ ಅಂತ ಅದರ ಹೆಸರು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡನೆಯದು ಎಂಜಿನ್. ಆರು ಸಿಲಿಂಡರ್ ಸಾಲಾಗಿ ನಿಂತ 240 ಮತ್ತು 300 ಅನ್ನುವ ಎರಡು ಎಂಜಿನ್ ಆ ವರ್ಷ ಬಂದವು. 240 ಅಂದರೆ ಕ್ಯೂಬಿಕ್ ಇಂಚು, ನಮ್ಮ ಲೆಕ್ಕದಲ್ಲಿ 3.9 ಲೀಟರ್. ಅದರ ಅಣ್ಣ 300 ಇದೆಯಲ್ಲ, 1996ರವರೆಗೂ ಫೋರ್ಡ್ ಪಿಕಪ್ಪುಗಳಲ್ಲಿ ಬರುತ್ತಲೇ ಇತ್ತು. ಅಷ್ಟು ವರ್ಷ ಬಾಳಿದ ಎಂಜಿನ್ನಿಗೆ ಬಿಡಿಭಾಗದ ಚಿಂತೆ ಇರುವುದಿಲ್ಲ. ಎಂಟು ಸಿಲಿಂಡರಿನ ವಿ-8 ಎಂಜಿನ್ ಬೇಡವೇ ಅಂತ ಎಲ್ಲರೂ ಕೇಳಿದರು. ನನಗೆ ಬಾನೆಟ್ ಎತ್ತಿದರೆ ಕೈ ಒಳಗೆ ಹೋಗಬೇಕು, ಅಷ್ಟೇ.

ಮೊದಲು ನೋಡಿದ್ದು ಇಲ್ಲೇ, ಮನೆಯಿಂದ ಒಂದು ಗಂಟೆ ದೂರದಲ್ಲಿ. ಕೆಂಪು ಬಣ್ಣ, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಜೇಬಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ, ಬಣ್ಣಕ್ಕೆ ಗೀರು ಬೀಳದಿರಲಿ ಅಂತ ಬಟ್ಟೆ ಸುತ್ತಿ. ಬಾಗಿಲ ಮೇಲೆ ಇಟ್ಟೆ, ಹಿಡಿಯಿತು. ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಇಟ್ಟೆ, ಜಾರಿ ಬಿತ್ತು. ಕ್ಯಾಬಿನ್ನಿನ ಹಿಂದಿನ ಮೂಲೆಯಲ್ಲೂ ಬಿತ್ತು. ಅಂದರೆ ಅಲ್ಲಿ ಕಬ್ಬಿಣವೇ ಇಲ್ಲ, ಬರೀ ಪುಟ್ಟಿ. ಈ ಗಾಡಿಗಳು ಕೊಳೆಯುವ ಜಾಗ ಇವೇ: ಆ ಕೆಳಪಟ್ಟಿ, ಕ್ಯಾಬಿನ್ ಮೂಲೆ, ಕಾಲಿಡುವ ನೆಲ, ಚಾಸಿಯ ಮೇಲೆ ಕ್ಯಾಬಿನ್ ಕೂರುವ ಬೋಲ್ಟಿನ ಸುತ್ತ, ರೇಡಿಯೇಟರ್ ಹಿಡಿದಿರುವ ಚೌಕಟ್ಟಿನ ಬುಡ. ಮ್ಯಾಟ್ ಎತ್ತಿದರೆ ಕೆಳಗಿನ ಹುಲ್ಲು ಕಾಣುತ್ತಿತ್ತು. ಮಾರುವವನು ಎಂಜಿನ್ ಸ್ಟಾರ್ಟ್ ಮಾಡಿ ಶಬ್ದ ಕೇಳಿಸಿದ. ಸೊಗಸಾದ ಶಬ್ದ. ಆದರೆ ಎಂಜಿನ್ ಎರಡು ದಿನದಲ್ಲಿ ಇಳಿಸಿ ಬೇರೆ ಕೂರಿಸಬಹುದು. ಕೊಳೆತ ಕ್ಯಾಬಿನ್ನನ್ನು ಕತ್ತರಿಸಿ ವೆಲ್ಡ್ ಮಾಡುತ್ತ ಕೂತರೆ ವರ್ಷವೂ ಸಾಲದು, ದುಡ್ಡೂ ಸಾಲದು. ಕೈಮುಗಿದು ಬಂದೆ.

ಆಮೇಲೆ ಹುಡುಕುವ ಜಾಗವನ್ನೇ ಬದಲಿಸಿದೆ. ಮಳೆ ಕಡಿಮೆ, ಉಪ್ಪಿನ ಗೊಡವೆಯೂ ಕಡಿಮೆ ಇರುವ ಅರಿಜೋನಾ, ನ್ಯೂ ಮೆಕ್ಸಿಕೋ ಕಡೆ. ಅಲ್ಬುಕರ್ಕಿ ಹತ್ತಿರ ಒಂದು ಸಿಕ್ಕಿತು. 1966ರದ್ದು, 240 ಎಂಜಿನ್, ಮೂರು ಗೇರು. ಚಿತ್ರದಲ್ಲಿ ಬಹಳ ದರಿದ್ರವಾಗಿತ್ತು. ಬಿಸಿಲಿಗೆ ನೀಲಿ ಬಣ್ಣ ಸುಣ್ಣದ ಹಾಗಾಗಿತ್ತು, ಸೀಟು ಹರಿದು ಸ್ಪ್ರಿಂಗ್ ಹೊರಗೆ ಬಂದಿತ್ತು. ನನ್ನ ಹೆಂಡತಿ ಫೋನಲ್ಲಿ ನೋಡಿ, ‘ಇದಕ್ಕೆ ವಿಮಾನ ಹತ್ತಿ ಬೇರೆ ಹೋಗ್ತೀರಾ?’ ಅಂದಳು. ಹೋದೆ.

ಅಲ್ಲಿ ಆಯಸ್ಕಾಂತ ಎಲ್ಲಿಟ್ಟರೂ ಟಪ್ ಅಂತ ಅಂಟಿಕೊಂಡಿತು. ಕೆಳಗೆ ಮಲಗಿ ನೋಡಿದರೆ ಚಾಸಿಯ ಮೇಲೆ ಬರೀ ಕೆಂಪು ಧೂಳು. ಬೆರಳಲ್ಲಿ ಒರೆಸಿದರೆ ಹಳೇ ಕಪ್ಪು ಬಣ್ಣ ಇನ್ನೂ ಇತ್ತು. ನನಗೆ ಒಳಗೊಳಗೇ ಖುಷಿ, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಆಮೇಲೆ ಕಾಗದ ನೋಡಿದೆ. ಇದನ್ನು ಯಾರೂ ಬಿಡಬಾರದು. ಈಗಿನ ಹದಿನೇಳು ಅಕ್ಷರದ ಚಾಸಿ ನಂಬರ್ ಬಂದದ್ದು 1981ರಲ್ಲಿ. ಅದಕ್ಕೆ ಹಿಂದೆ ಕಂಪನಿಗೊಂದು ಪದ್ಧತಿ. ಈ ಫೋರ್ಡಿನಲ್ಲಿ ‘ಎಫ್10’ ಅಂತ ಶುರುವಾದರೆ ಎಫ್-100, ನಂತರ ‘ಎ’ ಇದ್ದರೆ 240 ಎಂಜಿನ್, ‘ಬಿ’ ಇದ್ದರೆ 300. ತಗಡಿನ ಪ್ಲೇಟಲ್ಲಿ ಇರುವ ನಂಬರು, ಬಲಗಡೆ ಚಾಸಿಯ ಮೇಲೆ ಕುಟ್ಟಿದ ನಂಬರು, ಮಾಲೀಕತ್ವದ ಕಾಗದದಲ್ಲಿರುವ ನಂಬರು, ಮೂರೂ ಒಂದೇ ಇರಬೇಕು. ವೈರ್ ಬ್ರಷ್ಷಲ್ಲಿ ಚಾಸಿ ತಿಕ್ಕಿ ಒಂದೊಂದೇ ಅಕ್ಷರ ಓದಿದೆ. ಬೇರೆ ರಾಜ್ಯದಿಂದ ತಂದ ಗಾಡಿಯ ನಂಬರನ್ನು ಓಹಾಯೋದಲ್ಲಿ ಖುದ್ದಾಗಿ ನೋಡಿಯೇ ಹೆಸರಿಗೆ ಮಾಡಿಕೊಡುವುದು. ಒಂದು ಅಕ್ಷರ ತಪ್ಪಿದರೂ ಅಲೆದಾಟ.

ಮಾರುವವರು ಹೇಳಿದ್ದು 9,500 ಡಾಲರ್. ಟೈರುಗಳ ಪಕ್ಕದಲ್ಲಿ ತಾರೀಖು ತೋರಿಸಿದೆ. ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಮುಂದಿನ ಎರಡು ವರ್ಷ. ಮೇಲಿನ ಹಲ್ಲು ನೋಡಿದರೆ ಹೊಸದರ ಹಾಗಿದ್ದ ಟೈರು, ವಯಸ್ಸು ನೋಡಿದರೆ ಹದಿನಾಲ್ಕು ವರ್ಷ. 8,200ಕ್ಕೆ ಮುಗಿಯಿತು. ಲಾರಿ ಮೇಲೆ ಹಾಕಿ ಮನೆಗೆ ತರಿಸಲು ಇನ್ನೊಂದು 1,300.

ಲಾರಿಯವನು ನಮ್ಮ ಬೀದಿಯ ತುದಿಯಲ್ಲಿ ಇಳಿಸಿ ಹೋದ. ಮನೆಗೆ ಕಾಲು ಮೈಲಿ. ನಾನು ರಾಜನ ಹಾಗೆ ಕೂತು ಹೊರಟೆ. ಮೂರನೇ ಮನೆ ದಾಟುವಾಗ ಬ್ರೇಕ್ ಒತ್ತಿದೆ. ಪೆಡಲ್ ನೆಲ ಮುಟ್ಟಿತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಗೇರ್ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ನಮ್ಮ ಮನೆ ಮುಂದಿನ ಏರಿಗೆ ತಿರುಗಿಸಿದೆ. ಏರು ನಿಲ್ಲಿಸಿತು. ಇಳಿದು ನೋಡಿದರೆ ಹಿಂದಿನ ಒಂದು ಚಕ್ರದ ಒಳಗಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿದೆ.

ಬಿಚ್ಚಿದಾಗ ಗೊತ್ತಾಯಿತು. ಚಕ್ರದೊಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ಒಳಗಿನ ರಬ್ಬರ್ ಬಟ್ಟಲು ಒಣಗಿ ಹಪ್ಪಳದ ಹಾಗಾಗಿತ್ತು. ಕಬ್ಬಿಣವನ್ನು ಕಾಪಾಡಿದ ಅದೇ ಬಿಸಿಲು ರಬ್ಬರನ್ನೆಲ್ಲ ತಿಂದು ಹಾಕಿತ್ತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಇನ್ನೊಂದು ವಿಷಯ: 1966ರ ಈ ಗಾಡಿಯಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಒಂದೇ ಡಬ್ಬಿ, ನಾಲ್ಕು ಚಕ್ರಕ್ಕೂ ಒಂದೇ ದಾರಿ. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಹೋದವು. ಮರುವರ್ಷ, 1967ರ ಮಾಡೆಲ್ಲಿನಲ್ಲಿ, ಫೋರ್ಡ್ ಮುಂದಕ್ಕೊಂದು ಹಿಂದಕ್ಕೊಂದು ಅಂತ ಎರಡು ಭಾಗ ಮಾಡಿತು. ಹೊಸ ಬಣ್ಣ, ಹೊಸ ಸೀಟು, ಬ್ಲೂಟೂತ್ ರೇಡಿಯೋ ಅಂತ ಬರೆದಿಟ್ಟಿದ್ದ ಪಟ್ಟಿಯನ್ನು ಅವತ್ತೇ ಹರಿದೆ. ಹೊಸ ಪಟ್ಟಿಯಲ್ಲಿ ಮೊದಲು ಬ್ರೇಕು, ಆಮೇಲೆ ಗಾಡಿಯಲ್ಲಿ ಎಲ್ಲೆಲ್ಲಿ ರಬ್ಬರಿದೆಯೋ ಅದೆಲ್ಲ.

ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕುವ ಸೆಟ್ ತರಿಸಿದೆ. ಎರಡು ಡಬ್ಬಿಯ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಎಲ್ಲ ಜೊತೆಗೇ. ಬೂಸ್ಟರ್ ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವುದು, ಇದ್ದರೆ ಒಳ್ಳೆಯದು. ಡ್ರಮ್ಮಿನಲ್ಲಿ ಲೈನರ್ ಒಮ್ಮೆ ತಗುಲಿದರೆ ತಿರುಗುವ ಡ್ರಮ್ಮೇ ಅದನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ. ಡಿಸ್ಕಿಗೆ ಆ ಗುಣ ಇಲ್ಲ, ಪೂರ್ತಿ ಬಲ ಕಾಲಿನದ್ದೇ. ಪೈಪುಗಳನ್ನೂ ಪೂರ್ತಿ ಹೊಸದಾಗಿ ಎಳೆದೆ. ತಾಮ್ರ-ನಿಕ್ಕಲ್ ಬೆರೆತ ಪೈಪು ಸಿಗುತ್ತದೆ, ಕೈಯಲ್ಲೇ ಬಗ್ಗುತ್ತದೆ, ತುಕ್ಕೂ ಹಿಡಿಯುವುದಿಲ್ಲ. ತುದಿಯನ್ನು ಎರಡು ಮಡಿಕೆ ಮಾಡಿ ಅರಳಿಸಬೇಕು. ನನ್ನ ಮೊದಲ ಆರು ತುದಿ ಕಸದ ಬುಟ್ಟಿಗೆ ಹೋದವು.

ಬ್ರೇಕ್ ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯುವ ದಿನ ಹತ್ತು ವರ್ಷದ ಮಗನನ್ನು ಪೆಡಲ್ ಹತ್ತಿರ ಕೂರಿಸಿದೆ. ನಾನು ಚಕ್ರದ ಪಕ್ಕ ಮಲಗಿ ಕೂಗುವುದು: ‘ಒತ್ತು... ಹಿಡ್ಕೋ... ಹಿಡ್ಕೋ... ಈಗ ಬಿಡು.’ ‘ಅಪ್ಪಾ, ಕಾಲು ನೋವು.’ ‘ಇನ್ನೊಂದೇ ಸಲ ಕಣೋ.’ ಹೀಗೆ ಎರಡು ಗಂಟೆ. ಕನ್ನಡದಲ್ಲಿ ಏನು ಹೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು ಅವತ್ತು ಪೂರ್ತಿ ಕನ್ನಡದಲ್ಲೇ ಗೊಣಗಿದ.

ಮಾರನೇ ದಿನ ಐದು ಮೈಲಿ ಓಡಿಸಿ ಬಂದೆ. ಚೆನ್ನಾಗಿ ನಿಲ್ಲುತ್ತಿತ್ತು. ಚೆನ್ನಾಗಿ ಅಂದರೆ ಸ್ವಲ್ಪ ಜಾಸ್ತಿಯೇ ಚೆನ್ನಾಗಿ. ಮುಂದಿನ ಚಕ್ರದ ಹತ್ತಿರ ಕೈ ಇಟ್ಟರೆ ದೋಸೆ ಕಾವಲಿ. ಪ್ಯಾಡು ಡಿಸ್ಕನ್ನು ಬಿಡುತ್ತಲೇ ಇರಲಿಲ್ಲ. ಒಂದು ವಾರ ತಲೆ ಕೆರೆದುಕೊಂಡೆ. ಕೊನೆಗೆ ಪಕ್ಕದ ಮನೆಯ ಅಜ್ಜ ಬಂದು ಬಾನೆಟ್ ಒಳಗೆ ನೋಡಿ ನಕ್ಕರು. ಅವರು ನಿವೃತ್ತ ಮೆಕ್ಯಾನಿಕ್. ‘ಡಬ್ಬಿಗಳಲ್ಲಿ ದೊಡ್ಡದು ಯಾವುದು ನೋಡಿ’ ಅಂದರು. ಮಾಸ್ಟರ್ ಸಿಲಿಂಡರಿನ ಮುಂದಿನ ಡಬ್ಬಿ ಮುಂದಿನ ಚಕ್ರಕ್ಕೆ, ಹಿಂದಿನದು ಹಿಂದಿನದಕ್ಕೆ ಅಂತ ನಾನೇ ಅಂದಾಜು ಮಾಡಿ ಜೋಡಿಸಿದ್ದೆ. ನನ್ನದರಲ್ಲಿ ಅದು ಉಲ್ಟಾ. ದೊಡ್ಡ ಡಬ್ಬಿ ಡಿಸ್ಕಿಗೆ, ಯಾಕೆಂದರೆ ಪ್ಯಾಡು ಸವೆದಂತೆ ಡಿಸ್ಕ್ ಜಾಸ್ತಿ ಆಯಿಲ್ ಕೇಳುತ್ತದೆ. ಸಣ್ಣ ಡಬ್ಬಿ ಡ್ರಮ್ಮಿಗೆ. ಡ್ರಮ್ಮಿಗೆ ಆಯಿಲ್ ಹೋಗುವ ಬಾಯಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ, ಕಾಲು ತೆಗೆದ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಹತ್ತು ಪಿಎಸ್ಐ ಆಸುಪಾಸು. ಡ್ರಮ್ಮಿಗೆ ಅದು ಒಳ್ಳೆಯದು, ಒಳಗೆ ಲೈನರನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇದೆ. ಡಿಸ್ಕಿಗೆ ಸ್ಪ್ರಿಂಗ್ ಇಲ್ಲ, ಹಾಗಾಗಿ ಪ್ಯಾಡು ಕಚ್ಚಿಕೊಂಡೇ ಇತ್ತು. ಪೈಪು ಅದಲುಬದಲು ಮಾಡಿದೆ. ಮಗನಿಗೆ ಮತ್ತೆ ಎರಡು ಗಂಟೆ ಕೆಲಸ.

ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ. ಐದೂ ಟೈರು ರೇಡಿಯಲ್ ಮಾಡಿದೆ. ಪೆಟ್ರೋಲ್ ಪೈಪು ಎಲ್ಲ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ ಹತ್ತು ಭಾಗ ಎಥೆನಾಲ್ ಇರುತ್ತದೆ, ಹಳೇ ಕಾಲದ ರಬ್ಬರಿಗೆ ಅದು ವಿಷ. ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ರಿಲೇ ಹಾಕಿದೆ. ಮುಂಚೆ ಲೈಟಿನ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋಗಿ ಬರುತ್ತಿತ್ತು, ಬೆಳಕು ಚಿಮಣಿ ದೀಪದಷ್ಟು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ, ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡಿದೆ. ಎಂಜಿನ್ ಮೊದಲು ನೆಟ್ಟಗೆ ಓಡಲಿಲ್ಲ. ಫೋರ್ಡಿನವರು ಪಾಯಿಂಟ್ ಸುಡದಿರಲಿ ಅಂತ ಕಿಡಿ ಹುಟ್ಟಿಸುವ ಕಾಯಿಲಿಗೆ ಹೋಗುವ ಗುಲಾಬಿ ಬಣ್ಣದ ವೈರಿನಲ್ಲೇ ವೋಲ್ಟೇಜ್ ಇಳಿಸಿರುತ್ತಾರೆ. ನಾನು ಹಾಕಿದ ಹೊಸ ಮಾಡ್ಯೂಲಿಗೆ ಪೂರ್ತಿ 12 ವೋಲ್ಟ್ ಬೇಕಿತ್ತು. ಬೇರೆ ವೈರ್ ಎಳೆದ ಮೇಲೆ ಸರಿಹೋಯಿತು.

ಪೆಟ್ರೋಲ್ ಟ್ಯಾಂಕಿನ ವಿಷಯ ಮಾತ್ರ ಬೇಗ ಹೇಳಲಾಗದು. ಈ ಗಾಡಿಯಲ್ಲಿ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನ ಹಿಂದೆ! ಆ ಕಾಲದಲ್ಲಿ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಾಗ ತಿರುವಿನಲ್ಲಿ ಬೆನ್ನ ಹಿಂದೆ ಪೆಟ್ರೋಲ್ ಕುಲುಕುವ ಶಬ್ದ ಕೇಳಿಸುತ್ತಿತ್ತು. ಹಿಂದಿನ ತೊಟ್ಟಿಯ ಕೆಳಗೆ, ಚಾಸಿಯ ಎರಡು ತೊಲೆಗಳ ನಡುವೆ ಬೇರೆ ಟ್ಯಾಂಕ್ ಕೂರಿಸಿದೆ. ಖಾಲಿಯಾದ ಜಾಗದಲ್ಲಿ ಈಗ ಜಾಕಿ, ಹಗ್ಗ, ಒಂದು ಕಂಬಳಿ. ಸೀಟ್ ಬೆಲ್ಟ್ ಇರಲೇ ಇಲ್ಲ. ಮೂರು ಕಡೆ ಹಿಡಿಯುವ ಬೆಲ್ಟ್ ತಂದೆ. ಅದರ ಬೋಲ್ಟನ್ನು ಬರೀ ತಗಡಿಗೆ ಹಾಕಿದರೆ ಅಪಘಾತದಲ್ಲಿ ತಗಡಿನ ಸಮೇತ ಕಿತ್ತು ಬರುತ್ತದೆ. ದಪ್ಪ ಉಕ್ಕಿನ ಪಟ್ಟಿ ವೆಲ್ಡ್ ಮಾಡಿಸಬೇಕು. ಈ ಕೆಲಸ ಮಾತ್ರ ನಾನು ಮಾಡಲಿಲ್ಲ, ಗೊತ್ತಿರುವವರಿಂದ ಮಾಡಿಸಿದೆ. ನನ್ನ ವೆಲ್ಡಿಂಗ್ ನಂಬಿ ಮಗನನ್ನು ಕೂರಿಸಲಾರೆ.

ಮುಂದಿನ ಸಸ್ಪೆನ್ಷನ್ ಪೂರ್ತಿ ಕತ್ತರಿಸಿ ಫೋರ್ಡಿನದೇ ಕ್ರೌನ್ ವಿಕ್ಟೋರಿಯಾ ಕಾರಿನದ್ದು ಹಾಕುವುದು ಇಲ್ಲಿ ದೊಡ್ಡ ಫ್ಯಾಷನ್. ಮೆತ್ತಗೆ ಓಡುತ್ತದಂತೆ, ನಿಜವೇ ಇರಬೇಕು. ಆದರೆ ಐ-ಬೀಮ್ ನೋಡಿಯೇ ಕೊಂಡವನು ಅದನ್ನೇ ಕತ್ತರಿಸಿ ಎಸೆಯುವುದೇ? ಅದರ ರಬ್ಬರ್ ಬುಷ್ ಮಾತ್ರ ಬದಲಿಸಿದೆ.

ಬುಷ್ ಅಂದಾಗ ನೆನಪಾಯಿತು. ಒಂದು ದಿನ ಸಿಗ್ನಲ್‌ನಲ್ಲಿ ಗೇರು ಸಿಕ್ಕಿಹಾಕಿಕೊಂಡಿತು. ಒಂದಕ್ಕೂ ಇಲ್ಲ, ಎರಡಕ್ಕೂ ಇಲ್ಲ. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ನನಗೆ ತಕ್ಷಣ ಮಾವ ಕಣ್ಮುಂದೆ ಬಂದರು. ಅಂಬಾಸಡರ್ ಹೀಗೇ ಹಟ ಮಾಡಿದಾಗ ಅವರು ಪಂಚೆ ಎತ್ತಿ ಕಟ್ಟಿ, ಬಾನೆಟ್ ತೆಗೆದು, ಕಂಬದ ಬುಡದಲ್ಲಿದ್ದ ಸಲಾಕೆಗಳನ್ನು ಕೈಯಲ್ಲಿ ಅಲುಗಿಸುತ್ತಿದ್ದರು. ಇಳಿದೆ, ಬಾನೆಟ್ ಎತ್ತಿದೆ, ಸ್ಟೇರಿಂಗ್ ಕಂಬದ ಬುಡದಲ್ಲಿದ್ದ ಎರಡು ಲಿವರನ್ನು ಒಂದೇ ಸಾಲಿಗೆ ಎಳೆದೆ. ಗೇರು ಬಿತ್ತು. ಆ ರಾತ್ರಿ ಮಾವನಿಗೆ ಫೋನ್ ಮಾಡಿದೆ. ‘ಸಲಾಕೆ ಬುಷ್ ಸವೆದಿರ್ತದೆ ಮಾರಾಯ. ಎಂಟಾಣೆ ಸಾಮಾನು, ಹಾಕು’ ಅಂದರು. ಇಲ್ಲಿ ಅದು ಹನ್ನೊಂದು ಡಾಲರ್ ಆಯಿತು.

ನಂಬರ್ ಪ್ಲೇಟ್ ಬಗ್ಗೆ ಒಂದು ಮಾತು. 25 ವರ್ಷ ದಾಟಿದ ಗಾಡಿಗೆ ಓಹಾಯೋದಲ್ಲಿ ‘ಹಿಸ್ಟಾರಿಕಲ್’ ಪ್ಲೇಟ್ ಸಿಗುತ್ತದೆ. ಆದರೆ ಅದನ್ನು ಹಾಕಿಕೊಂಡರೆ ಪ್ರದರ್ಶನ, ಮೆರವಣಿಗೆ, ಕ್ಲಬ್ ಕಾರ್ಯಕ್ರಮ, ರಿಪೇರಿ, ಅಷ್ಟಕ್ಕೇ ಹೊರಗೆ ತೆಗೆಯಬೇಕು. ನನಗೆ ಗೊಬ್ಬರ ತರಬೇಕು, ಉದುರಿದ ಮೇಪಲ್ ಎಲೆ ಸಾಗಿಸಬೇಕು. ಮಾಮೂಲಿ ಪ್ಲೇಟನ್ನೇ ಹಾಕಿಸಿದೆ. ಡಿಸೆಂಬರಿನಲ್ಲಿ ರಸ್ತೆಗೆ ಉಪ್ಪು ಬಿದ್ದ ದಿನ ಗ್ಯಾರೇಜಿಗೆ ಹಾಕಿ ಬೀಗ ಹಾಕುತ್ತೇನೆ. ವಸಂತದ ಎರಡು ಮೂರು ಮಳೆ ಬಂದು ರಸ್ತೆ ತೊಳೆದ ಮೇಲೇ ಹೊರಗೆ.

ಬಣ್ಣ ಇನ್ನೂ ಮಾಡಿಸಿಲ್ಲ. ಸುಣ್ಣದ ಹಾಗಿದ್ದ ಆ ನೀಲಿ ಈಗ ಹೆಂಡತಿಗೂ ಒಗ್ಗಿದೆ. ಸೀಟಿಗೆ ಊರಿಂದ ತಂದ ಜಮಖಾನ ಹಾಸಿದ್ದಾಳೆ.

ಬಾಕಿ ಇರುವುದು ಒಂದೇ. ನ್ಯೂ ಮೆಕ್ಸಿಕೋದಲ್ಲಿ ಮಳೆಯೇ ಅಪರೂಪ, ಹಾಗಾಗಿ ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಸತ್ತು ಹೋದದ್ದು ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಇಲ್ಲಿಯ ಮೊದಲ ಮಳೆಗೇ ನನ್ನ ಎಡಗಾಲು ಒದ್ದೆ. ಹೊಸ ರಬ್ಬರ್ ತರಿಸಿದ್ದೇನೆ. ಚಳಿಯಲ್ಲಿ ಅದು ಬಗ್ಗುವುದಿಲ್ಲ, ಬಿಸಿಲು ಬರಲಿ ಅಂದಿದ್ದಾರೆ ಗಾಜಿನವರು. ಅಲ್ಲಿಯವರೆಗೆ ಬಟ್ಟೆ ಒಗೆಯುವ ಕೋಣೆಯಲ್ಲಿ, ಬಿಸಿನೀರಿನ ಟ್ಯಾಂಕಿನ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ. ‘ಇದೇನು ಹಾವು ತಂದು ಕಟ್ಟಿದೀರಾ?’ ಅಂತ ಹೆಂಡತಿ ದಿನಕ್ಕೊಮ್ಮೆ ಕೇಳುತ್ತಾಳೆ.