ಮಳೆಗಾಲದಲ್ಲಿ ಮ್ಯಾಂಗನೈಟ್ ತಯಾರಿಸಿದ ನನ್ನ ಅನುಭವ

ಕಾರವಾರದಲ್ಲಿ ಮಳೆ ಹಿಡಿಯಿತೆಂದರೆ ಉಪ್ಪಿನ ಭರಣಿಯಲ್ಲಿ ನೀರೂರುವುದನ್ನು ಎಲ್ಲರೂ ನೋಡಿರುತ್ತಾರೆ. ಮ್ಯಾಂಗನೀಸಿನ ಆಕ್ಸೈಡುಗಳಾದ ಮ್ಯಾಂಗನೈಟುಗಳ ತಯಾರಿಕೆಯಲ್ಲಿ ನಾನು ಬಳಸುವ ಲ್ಯಾಂಥನಮ್ ಆಕ್ಸೈಡ್ ಕೂಡ ಗಾಳಿಯ ತೇವವನ್ನು ಹಾಗೆಯೇ ಹೀರುತ್ತದೆ, ಆದರೆ ಹೈಡ್ರಾಕ್ಸೈಡ್ ಆಗಿ ಮಾರ್ಪಟ್ಟ ಮೇಲೂ ಅದು ಬಿಳಿಯ ಒಣ ಪುಡಿಯಾಗಿಯೇ ಕಾಣುವುದರಿಂದ ಮೊದಲ ವರ್ಷ ನನಗೆ ಅದರ ಸುಳಿವೇ ಸಿಗಲಿಲ್ಲ.

ನಾನು ತಯಾರಿಸುತ್ತಿದ್ದುದು ಲ್ಯಾಂಥನಮ್ ಮ್ಯಾಂಗನೈಟಿನಲ್ಲಿ ನೂರಕ್ಕೆ 30ರಷ್ಟು ಲ್ಯಾಂಥನಮ್ ಬದಲಿಗೆ ಸ್ಟ್ರಾನ್ಷಿಯಂ ಸೇರಿಸಿದ ಆಕ್ಸೈಡನ್ನು. ಸ್ಟ್ರಾನ್ಷಿಯಂ ಇಲ್ಲದ ಮೂಲವಸ್ತು ವಿದ್ಯುತ್ ನಿರೋಧಕವಾಗಿದ್ದು, ಸುಮಾರು 140 ಕೆಲ್ವಿನ್‌ಗಿಂತ ಕೆಳಗೆ ಅದರ ಒಂದು ಪದರದ ಕಾಂತತೆಯನ್ನು ಪಕ್ಕದ ಪದರದ ಕಾಂತತೆ ಅಳಿಸಿಹಾಕುತ್ತದೆ. ಮೂರು ಧನ ಆವೇಶದ ಲ್ಯಾಂಥನಮ್ ಇದ್ದಲ್ಲಿ ಎರಡೇ ಆವೇಶದ ಸ್ಟ್ರಾನ್ಷಿಯಂ ಬಂದು ಕೂತಾಗ, ಆ ಕೊರತೆಯನ್ನು ತುಂಬಲು ಕೆಲವು ಮ್ಯಾಂಗನೀಸ್ ಅಯಾನುಗಳು ಮೂರರಿಂದ ನಾಲ್ಕಕ್ಕೆ ಏರುತ್ತವೆ. ನೆರೆಯ ಎರಡು ಮ್ಯಾಂಗನೀಸ್‌ಗಳ ಸ್ಪಿನ್ (ಎಲೆಕ್ಟ್ರಾನುಗಳ ಪುಟ್ಟ ಕಾಂತತೆ) ಒಂದೇ ದಿಕ್ಕಿನಲ್ಲಿದ್ದರೆ ನಡುವಿನ ಆಕ್ಸಿಜನ್ ಮೂಲಕ ಎಲೆಕ್ಟ್ರಾನ್ ಸುಲಭವಾಗಿ ದಾಟುವುದರಿಂದ, ವಸ್ತು ಏಕಕಾಲದಲ್ಲಿ ಲೋಹದಂತೆಯೂ ಕಾಂತದಂತೆಯೂ ವರ್ತಿಸುತ್ತದೆ. ಭೌತವಿಜ್ಞಾನಿ ಝೀನರ್ 1951ರಲ್ಲಿ ಕೊಟ್ಟ ಈ ವಿವರಣೆಯನ್ನು ಇಂದಿಗೂ ತರಗತಿಯಲ್ಲಿ ಮೊದಲು ಹೇಳುತ್ತೇನೆ. ಹಾಗಾಗಿ ಇಲ್ಲಿ ತೂಕ ತಪ್ಪಿದರೆ ಎಲೆಕ್ಟ್ರಾನುಗಳ ಲೆಕ್ಕವೇ ತಪ್ಪಿದಂತೆ.

ಹತ್ತು ಗ್ರಾಂ ಮಾದರಿಗೆ 5.036 ಗ್ರಾಂ ಲ್ಯಾಂಥನಮ್ ಆಕ್ಸೈಡ್ ಬೇಕು. ಬಾಟಲಿಯಿಂದ ನೇರವಾಗಿ ತೂಗಿ, ಸ್ಟ್ರಾನ್ಷಿಯಂ ಕಾರ್ಬೊನೇಟ್ ಮತ್ತು ಮ್ಯಾಂಗನೀಸ್ ಆಕ್ಸೈಡಿನೊಂದಿಗೆ ಅಗೇಟ್ ಖಲ್ಲಿನಲ್ಲಿ ಅರೆದು, ಫರ್ನೇಸಿನಲ್ಲಿ ಸುಟ್ಟೆ. ಮಾದರಿಯಲ್ಲಿ ಯಾವ ಹರಳುಗಳಿವೆ ಎಂದು ತೋರಿಸುವ ಎಕ್ಸ್-ರೇ ವಿವರ್ತನೆಯ ಚಿತ್ರದಲ್ಲಿ 36 ಡಿಗ್ರಿ ಕೋನದ ಹತ್ತಿರ, ಇರಬಾರದ ಸಣ್ಣದೊಂದು ಶೃಂಗ ಉಳಿದಿತ್ತು. ಇನ್ನಷ್ಟು ಅರೆದು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಸುಟ್ಟರೂ ಅದು ಹೋಗಲಿಲ್ಲ. ಅದು ಜೊತೆ ಸಿಗದೆ ಉಳಿದ ಮ್ಯಾಂಗನೀಸಿನ ಆಕ್ಸೈಡ್ ಎಂದು ತಿಳಿದ ಮೇಲೆಯೇ ಲ್ಯಾಂಥನಮ್ ಕಡಿಮೆಯಾಗಿದೆ ಎಂಬುದು ಹೊಳೆದದ್ದು. ಬಾಟಲಿಯ ಪುಡಿಯನ್ನು 5 ಗ್ರಾಂ ತೆಗೆದು 1000 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿದೆ. ಬೆಳಿಗ್ಗೆ ಉಳಿದದ್ದು 4.46 ಗ್ರಾಂ.

ಅಂದಿನಿಂದ ಕಾಯಿಸದ ಲ್ಯಾಂಥನಮ್ ಆಕ್ಸೈಡನ್ನು ನಾನು ತೂಗಿಲ್ಲ. ಫರ್ನೇಸ್ 200 ಡಿಗ್ರಿಗೆ ಇಳಿಯುತ್ತಲೇ ಪುಡಿಯಿರುವ ಕ್ರೂಸಿಬಲ್ಲನ್ನು ಡೆಸಿಕೇಟರಿಗೆ (ಒಳಗಿನ ಗಾಳಿಯನ್ನು ಒಣದಾಗಿಡುವ ಮುಚ್ಚಿದ ಪಾತ್ರೆಗೆ) ಸೇರಿಸಿ, ಪೂರ್ತಿ ತಣಿದ ಕೂಡಲೇ ತೂಗುತ್ತೇನೆ. ಜುಲೈ ತಿಂಗಳಿನಲ್ಲಿ ತಕ್ಕಡಿಯ ಕೊನೆಯ ಅಂಕಿ ಕಣ್ಣೆದುರೇ ಏರತೊಡಗುತ್ತದೆ, ಆದ್ದರಿಂದ ಬೇಕಾದಷ್ಟೇ ಪುಡಿಗಾಗಿ ಚಮಚದಲ್ಲಿ ತೆಗೆದು ಹಾಕುತ್ತ ಕೂರುವುದನ್ನು ಬಿಟ್ಟು, ಬಂದ ತೂಕವನ್ನು ಬರೆದುಕೊಂಡು ಉಳಿದೆರಡು ಪುಡಿಗಳನ್ನು ಅದಕ್ಕೆ ಹೊಂದಿಸುತ್ತೇನೆ. ಈ ಒಂದು ಬದಲಾವಣೆಯೇ ನನಗೆ ಹೆಚ್ಚು ಉಪಕಾರ ಮಾಡಿತು.

ಮುಂದಿನ ಮಾದರಿಯಲ್ಲಿ 36 ಡಿಗ್ರಿಯ ಶೃಂಗ ಇರಲಿಲ್ಲ. ಅದರ ಕಪ್ಪು ಪೆಲೆಟ್ಟನ್ನು ದಾರಕ್ಕೆ ಕಟ್ಟಿ, ಆಯಸ್ಕಾಂತ ಆತುಕೊಂಡಿದ್ದ ಗಾಜಿನ ಬೀಕರಿನ ನೀರಿನಲ್ಲಿ ಇಳಿಬಿಟ್ಟಾಗ ಅದು ಗೋಡೆಗೆ ಅಂಟಿಕೊಂಡಿತು. ನೀರು ಕುದಿಯಲು ಬಂದಾಗ, ಈ ವಸ್ತು ಕಾಂತದಂತೆ ವರ್ತಿಸುವುದನ್ನು ನಿಲ್ಲಿಸುವ ಕ್ಯೂರಿ ತಾಪಮಾನವಾದ ಸುಮಾರು 370 ಕೆಲ್ವಿನ್‌ನ ಆಸುಪಾಸಿನಲ್ಲಿ, ಗೋಡೆ ಬಿಟ್ಟು ದಾರದಲ್ಲಿ ನೆಟ್ಟಗೆ ತೂಗಿತು.