ವಾರಂಟಿ ಇರುವ ಟರ್ಬೊ ಕಾರಿಗೆ ಎಷ್ಟು ದಪ್ಪದ ಆಯಿಲ್? ನಾನು ಆರಿಸಿಕೊಂಡ ಬಗೆ

ನನ್ನದು ಒಂದೂವರೆ ಲೀಟರಿನ ಟರ್ಬೊ ಪೆಟ್ರೋಲ್ ಸೆಡಾನ್. ಮನೆ ಮಂದಿಯೆಲ್ಲ ಕೂರುವ ಗಾಡಿ ಹೌದು, ಆದ್ರೆ ತಗೊಂಡಿದ್ದು ಓಡಿಸೋ ಖುಷಿಗೆ. ವಾರವಿಡೀ ಹುಬ್ಬಳ್ಳಿ–ಧಾರವಾಡ ಓಡಾಟ. ರಜೆ ಸಿಕ್ಕರೆ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲಾ. ವಾರಂಟಿ ಇನ್ನೂ ಇದೆ.

ಸರ್ವಿಸ್ ಸೆಂಟರ್‌ನವರು ಹಾಕುತ್ತಿದ್ದದ್ದು 0ಡಬ್ಲ್ಯೂ-20 ಗ್ರೇಡಿನ ತೆಳ್ಳನೆಯ ಆಯಿಲ್. ಪರಿಚಯದ ಮೆಕ್ಯಾನಿಕ್ ಒಬ್ಬರು ಡಿಪ್‌ಸ್ಟಿಕ್ ಎಳೆದು, ಆಯಿಲನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಸರ, ನಮ್ಮ ಕಡೆ ಬಿಸಲು ಭಾಳ ಐತ್ರಿ. ಇದು ನೀರಿನಂಗ ಐತಿ. ನಲವತ್ತರದ್ದು ಹಾಕಸ್ರಿ, ಇಂಜಿನ್ ಗಟ್ಟಿ ಇರ್ತೈತಿ" ಅಂದರು. ಅವರು ಹಳೇ ಕೈ. ಮಾತನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ಆದ್ರೆ ವಾರಂಟಿ ಗಾಡಿಗೆ ಸುಮ್ನೆ ಒಪ್ಪೋಕೂ ಆಗಲ್ಲ. ಹಾಗಾಗಿ ಕೂತು ಓದಿದೆ.

ಮೊದಲು ಬಿಸಿಲಿನ ವಿಷಯ. ಹೊರಗೆ 40 ಡಿಗ್ರಿ ಇರಲಿ, 15 ಇರಲಿ, ಇಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಕೂಲಂಟನ್ನು 90ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ನನ್ನ ಗಾಡಿಯ ಸ್ಕ್ರೀನಿನಲ್ಲಿ ಆಯಿಲ್ ಟೆಂಪರೇಚರ್ ಕಾಣುತ್ತದೆ. ಊರೊಳಗೆ ಓಡಿಸುವಾಗ ಮೇ ತಿಂಗಳಿಗೂ ಡಿಸೆಂಬರಿಗೂ ಅದರಲ್ಲಿ ಹೇಳುವಂಥ ಫರಕಿಲ್ಲ. ಫರಕು ಕಂಡಿದ್ದು ಅಂಕೋಲಾದಿಂದ ವಾಪಸ್ ಬರುವಾಗ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಆನ್, ಎದುರಿಗೆ ಅರಬೈಲ್ ಏರು. ಲಾರಿ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳಿ, ಜಾಗ ಸಿಕ್ಕಾಗ ಒತ್ತಿ ಮುಂದೆ ಹೋಗೋದು. ಅವತ್ತು ಆಯಿಲ್ 115 ದಾಟಿತು. ಅಂದ್ರೆ ಆಯಿಲನ್ನು ಕಾಯಿಸೋದು ಹುಬ್ಬಳ್ಳಿ ಬಿಸಿಲಿಗಿಂತ ಜಾಸ್ತಿ ಇಂಜಿನ್ ಮೇಲಿನ ಲೋಡು. ದಪ್ಪ ಆಯಿಲ್ ಬೇಕೋ ಬೇಡವೋ ಅನ್ನೋದನ್ನು ನಾವು ಓಡಿಸುವ ರೀತಿ ನೋಡಿ ತೀರ್ಮಾನಿಸಬೇಕು.

ಗ್ರೇಡಿನಲ್ಲಿ ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಚಳಿಯದ್ದು. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಧಾರವಾಡದ ಚಳಿಗೆ ಅದರ ಚಿಂತೆ ಬೇಡ. ನಮಗೆ ಮುಖ್ಯ ಕೊನೆಯ ಅಂಕಿ, ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಅಂತ ಹೇಳೋದು ಅದೇ. 100 ಡಿಗ್ರಿಯಲ್ಲಿ 20ರ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ (ದಪ್ಪದ ಅಳತೆ) ಒಳಗಿರಬೇಕು, 30ರದ್ದು 9.3ರಿಂದ 12.5, 40ರದ್ದು 12.5ರಿಂದ 16.3.

ಇಷ್ಟಕ್ಕೇ ನಿಲ್ಲಿಸಿದರೆ 40 ಹಾಕಿಸೋದೇ ಸರಿ ಅನ್ನಿಸುತ್ತದೆ, ಅಲ್ವಾ? ಆದ್ರೆ ಬೇರಿಂಗ್ ಸಂದಿಯಲ್ಲಿ ಸಿಕ್ಕು ಅರೆಯಲ್ಪಡುವಾಗ ಆಯಿಲ್ ಇನ್ನಷ್ಟು ತೆಳ್ಳಗಾಗುತ್ತದೆ. ಅದಕ್ಕೆ ಎಚ್‌ಟಿಎಚ್‌ಎಸ್ ಅಂತ ಬೇರೆ ಅಳತೆಯಿದೆ. 150 ಡಿಗ್ರಿಯಲ್ಲಿ, ಜೋರಾಗಿ ಅರೆದು ನೋಡುವ ಪರೀಕ್ಷೆ. ಇದರಲ್ಲಿ 20ರ ಆಯಿಲಿಗೆ ಕನಿಷ್ಠ 2.6 ಬೇಕು, 30ಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5. ಈಗ ಅಸಲು ವಿಷಯ: ಯುರೋಪಿನ ವಾಹನ ತಯಾರಕರ ಸಂಘ ಎಸಿಇಎ ಮಾಡಿರುವ ಸಿ3 ದರ್ಜೆ ಪಾಸಾಗಬೇಕಾದರೆ 30ರ ಆಯಿಲಿಗೂ 3.5 ಇರಲೇಬೇಕು. ಅದೇ 30ರ ಆಯಿಲ್ ಸಿ2 ಆಗಿದ್ದರೆ 2.9 ಸಾಕು.

ಇದು ತಿಳಿದ ಮೇಲೆ ಗೋಕುಲ ರೋಡಿನ ಅಂಗಡಿಯೊಂದರಲ್ಲಿ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಮುಂದೆ ಎಲ್ಲದರ ಮೇಲೂ ದಪ್ಪಕ್ಷರದಲ್ಲಿ 5ಡಬ್ಲ್ಯೂ-30. ಹಿಂದೆ ಸಣ್ಣ ಅಕ್ಷರದಲ್ಲಿ ಒಂದರಲ್ಲಿ ಬರೀ ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ), ಇನ್ನೊಂದರಲ್ಲಿ ಸಿ2, ಮತ್ತೊಂದರಲ್ಲಿ ಸಿ3 ಮತ್ತು ಎಸ್‌ಪಿ ಎರಡೂ. ನನಗೆ ಬೇಕಾಗಿದ್ದು ಆ ಕೊನೆಯದು. ಸಿ3ಯಿಂದ ಬೇರಿಂಗಿಗೆ ಬೇಕಾದ ದಪ್ಪ ಸಿಗುತ್ತದೆ. 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ, ಟರ್ಬೊ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಜೋರು ಎಳೆಯುವಾಗ ಪೆಟ್ರೋಲು ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುವ ತೊಂದರೆಗೂ ಪರೀಕ್ಷೆ ಇದೆ. ಹೆಚ್ಚಿನ ಗೇರಿನಲ್ಲೇ ಇದ್ದು ಲಾರಿ ಓವರ್‌ಟೇಕ್ ಮಾಡುವವರು ಇದನ್ನು ಖಂಡಿತ ನೋಡಬೇಕು.

ಹಾಗಾದ್ರೆ 40 ಯಾಕೆ ಬೇಡ? ನನ್ನ ಮ್ಯಾನುಯಲ್ಲಿನ ಪಟ್ಟಿಯಲ್ಲಿ ಇರೋದು ಎರಡೇ: 0ಡಬ್ಲ್ಯೂ-20, ಇಲ್ಲವೇ ಸಿ2 ಅಥವಾ ಸಿ3 ದರ್ಜೆಯ 5ಡಬ್ಲ್ಯೂ-30. ನಾಳೆ ಟರ್ಬೊ ಕೈಕೊಟ್ಟು ಕ್ಲೇಮ್‌ಗೆ ಹೋದರೆ ಮೊದಲು ನೋಡೋದೇ ಸರ್ವಿಸ್ ದಾಖಲೆ. ಅಲ್ಲಿ ಪಟ್ಟಿಯಲ್ಲಿಲ್ಲದ ಗ್ರೇಡ್ ಇದ್ದರೆ ವಾದ ಮಾಡೋದು ಕಷ್ಟ. ಜೊತೆಗೆ ನನಗೆ ತೋರಿಸಿದ 5ಡಬ್ಲ್ಯೂ-40 ಡಬ್ಬಿಗಳು ಎಸಿಇಎಯದ್ದೇ ಎ3/ಬಿ4 ದರ್ಜೆಯವು. ಅವುಗಳಲ್ಲಿ ಬೂದಿ ಅಂಶ, ಅಂದ್ರೆ ಆಯಿಲ್ ಉರಿದಾಗ ಉಳಿಯುವ ಬೂದಿ, ಜಾಸ್ತಿ. ಸಿ3ಯಲ್ಲಿ ಅದು 0.8 ಶೇಕಡಾ ಮೀರುವಂತಿಲ್ಲ. ಬಿಎಸ್6 ಗಾಡಿಯ ಸೈಲೆನ್ಸರಿನಲ್ಲಿ ಕೂತ ಕ್ಯಾಟಲಿಟಿಕ್ ಕನ್ವರ್ಟರಿಗೆ ಕಡಿಮೆ ಬೂದಿಯೇ ಒಳ್ಳೇದು.

ಸರ್ವಿಸಿಗೆ ಮುಂಚೆ ಕಂಪನಿಯ ಕಸ್ಟಮರ್ ಕೇರಿಗೆ ಮ್ಯಾನುಯಲ್ ಪುಟದ ಫೋಟೊ ಹಾಕಿ, ಈ ಆಯಿಲ್ ಹಾಕಿಸಿದರೆ ವಾರಂಟಿಗೆ ತೊಂದರೆ ಇಲ್ಲ ತಾನೆ ಅಂತ ಮೇಲ್ ಬರೆದೆ. ಮ್ಯಾನುಯಲ್ ಪ್ರಕಾರ ಇದ್ದರೆ ತೊಂದರೆಯಿಲ್ಲ ಅಂತ ಉತ್ತರ ಬಂತು. ಆದ್ರೂ ಸರ್ವಿಸ್ ಅಡ್ವೈಸರ್ "ನಮ್ಮಲ್ಲಿ ಬ್ಯಾರಲ್ ಆಯಿಲ್ ಅಷ್ಟೇ ಸರ" ಅಂತ ಹಿಂದೆಮುಂದೆ ನೋಡಿದರು. ಪುಟ, ಮೇಲ್ ಎರಡೂ ತೋರಿಸಿದೆ. ಸೀಲ್ ಒಡೆಯದ ಡಬ್ಬಿ, ಬಿಲ್ ಸಮೇತ ತಂದುಕೊಟ್ಟರೆ ಹಾಕುತ್ತೇವೆ ಅಂದರು. ಜಾಬ್ ಕಾರ್ಡಿನಲ್ಲಿ ಬರೀ "ಕಸ್ಟಮರ್ ಆಯಿಲ್" ಅಂತ ಬರೆಯಲು ಹೊರಟಿದ್ದರು. ನಾನು ಬಿಡಲಿಲ್ಲ. ಗ್ರೇಡ್, ದರ್ಜೆ, ಡಬ್ಬಿಯ ಬ್ಯಾಚ್ ನಂಬರ್ ಮೂರನ್ನೂ ಬರೆಸಿದೆ. ಫಿಲ್ಟರ್ ಕಂಪನಿಯದ್ದೇ.

ಮೈಲೇಜ್ ಒಂಚೂರು ಇಳಿದಿದೆ. ದಪ್ಪ ಆಯಿಲ್ ತಿರುಗಿಸಲು ಇಂಜಿನ್‌ಗೆ ಸ್ವಲ್ಪ ಜಾಸ್ತಿ ಶಕ್ತಿ ಬೇಕು, ಅದು ಸಹಜ. ಘಾಟ್ ಏರುವಾಗ ನನಗೆ ಬೇಕಾದ ನೆಮ್ಮದಿಯ ಮುಂದೆ ಅದು ದೊಡ್ಡದಲ್ಲ. ಬರೀ ಊರೊಳಗೆ ಮೆಲ್ಲಗೆ ಓಡಿಸುವವರಾದರೆ 20ರಲ್ಲೇ ಇರಿ ಅನ್ನುತ್ತೇನೆ. ಮ್ಯಾನುಯಲ್‌ನಲ್ಲಿ 20 ಒಂದೇ ಇದ್ದರೂ ಅದನ್ನೇ ಹಾಕಿಸಿ, ಆದ್ರೆ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಿಸಿ. ನಾನು 30ರದ್ದನ್ನೂ ಹಾಗೇ ಮಾಡುತ್ತೇನೆ. ಯಾಕಂದ್ರೆ ಮಗಳನ್ನು ಶಾಲೆಗೆ ಬಿಡುವಂಥ ಸಣ್ಣ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗಲ್ಲ. ಆಗ ರಿಂಗಿನ ಪಕ್ಕದಿಂದ ಪೆಟ್ರೋಲು ಇಳಿದು ಆಯಿಲಿಗೆ ಸೇರುತ್ತದೆ. ಎಷ್ಟೇ ದಪ್ಪದ್ದು ಹಾಕಿಸಿದರೂ ಅದು ತೆಳ್ಳಗಾಗುತ್ತದೆ.

ಅದೇ ಬ್ಯಾಚಿನ ಒಂದು ಲೀಟರ್ ಡಬ್ಬಿ ಡಿಕ್ಕಿಯಲ್ಲಿರುತ್ತದೆ. ದೂರ ಹೊರಡುವ ಮುಂಚೆ ಸಮತಟ್ಟಾದ ಜಾಗದಲ್ಲಿ ಗಾಡಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಲೆವೆಲ್ ನೋಡುತ್ತೇನೆ. ಕಮ್ಮಿಯಿದ್ದರೆ ಅದನ್ನೇ ಹಾಕಿ, ತಾರೀಖು, ಕಿಲೋಮೀಟರ್ ಸರ್ವಿಸ್ ಪುಸ್ತಕದಲ್ಲಿ ಬರೆದಿಡುತ್ತೇನೆ.